ಬಣ್ಣ ಶಾಲೆಯದು, ಬಟ್ಟೆ ನಮ್ಮದು: ಬಿಸಿಲೂರಿನ ತಂದೆ-ತಾಯಿಯರಿಗೆ ಯೂನಿಫಾರ್ಮ್ ಮಾರ್ಗದರ್ಶಿ

ಜೂನ್ ಮೊದಲ ವಾರ. ಮಳೆ ಇನ್ನೂ ಬಂದಿರಲಿಲ್ಲ. ಮಗಳು ಶಾಲೆಯಿಂದ ಬಂದವಳೇ ಬ್ಯಾಗ್ ಎಸೆದು, ಟೈ ಕಿತ್ತು, ಫ್ಯಾನಿನ ಕೆಳಗೆ ನಿಂತಳು. ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಗುಂಡಿ ಬಿಚ್ಚಿ ನೋಡಿದರೆ ಕುತ್ತಿಗೆ ಸುತ್ತ, ಕಂಕುಳಲ್ಲಿ, ಸ್ಕರ್ಟಿನ ಪಟ್ಟಿ ಕೂರುವ ಸೊಂಟದಲ್ಲಿ ಕೆಂಪಗೆ ಬೆವರುಸಾಲೆ. ಸಾಸಿವೆ ಚೆಲ್ಲಿದ ಹಾಗೆ. "ಮಮ್ಮಿ, ಈ ಅಂಗಿ ಚುಚ್ಚತದ" ಅಂದಳು. ಅಂಗಿ ತಿರುಗಿಸಿ ಒಳಗಿನ ಚೀಟಿ ಓದಿದೆ. ನೂರಕ್ಕೆ ನೂರು ಪಾಲಿಯೆಸ್ಟರ್. ಶಾಲೆ ಹೇಳಿದ ಅಂಗಡಿಯಲ್ಲಿ, ಅವರು ಹೇಳಿದ ಬೆಲೆಗೆ, ಒಂದೇ ಸಲ ಮೂರು ಜೊತೆ ತಂದಿದ್ದೆ. ಆಗ ಚೀಟಿ ಓದಿರಲಿಲ್ಲ.

ನಮ್ಮದು ಕಲಬುರಗಿ. ಏಪ್ರಿಲ್-ಮೇನಲ್ಲಿ 42 ಡಿಗ್ರಿ ಅಂದರೆ ಇಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. "ಬೇಸಿಗೆಯಲ್ಲಿ ಹೇಗೂ ರಜೆ ಇರುತ್ತಲ್ಲ" ಎಂದು ಬೆಂಗಳೂರಿನ ನೆಂಟರು ಹೇಳುತ್ತಾರೆ. ಅವರಿಗೆ ಲೆಕ್ಕ ಗೊತ್ತಿಲ್ಲ. ನಮ್ಮ ರಾಜ್ಯದಲ್ಲಿ ಶಾಲೆ ಶುರುವಾಗುವುದು ಮೇ ಕೊನೆಗೆ ಇಲ್ಲವೇ ಜೂನ್ ಮೊದಲಿಗೆ. ಮುಗಿಯುವುದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಅಂದರೆ ಮಳೆಗೆ ಮುಂಚಿನ ಜೂನ್, ಅಕ್ಟೋಬರ್ ಸೆಕೆ, ಪೂರ್ತಿ ಮಾರ್ಚ್, ಪರೀಕ್ಷೆಯ ಏಪ್ರಿಲ್, ಎಲ್ಲವೂ ಯೂನಿಫಾರ್ಮ್ ಒಳಗೇ ಕಳೆಯುತ್ತವೆ. ರಾಯಚೂರು, ಬಳ್ಳಾರಿ, ಯಾದಗಿರಿ, ವಿಜಯಪುರದವರಿಗೂ ಇದೇ ಕಥೆ.

ಆ ಮೂರು ಅಂಗಿಗಳು ಆಮೇಲೆ ಒರೆಸುವ ಬಟ್ಟೆಯಾದವು. ಹಾಗೆ ಹೇಳೋಣವೆಂದರೆ ಒರೆಸಲಿಕ್ಕೂ ಬರಲಿಲ್ಲ, ನೀರೇ ಹೀರುತ್ತಿರಲಿಲ್ಲ. ಎರಡು ಮಕ್ಕಳಿಗೆ ಐದಾರು ವರ್ಷ ಯೂನಿಫಾರ್ಮ್ ಕೊಂಡು, ಹೊಲಿಸಿ, ಬಿಚ್ಚಿಸಿ ಕಲಿತದ್ದನ್ನು ಕೆಲಸ ನಡೆಯುವ ಕ್ರಮದಲ್ಲೇ ಬರೆದಿದ್ದೇನೆ.

ಹೆಜ್ಜೆ 1: ಅಂಗಡಿಗೆ ಹೋಗುವ ಮೊದಲು ಶಾಲೆಯ ಚೀಟಿ ಓದಿ

ಶಾಲೆ ಕೊಡುವ ಯೂನಿಫಾರ್ಮ್ ಚೀಟಿಯಲ್ಲಿ ಎರಡು ಥರದ ಮಾತು ಇರುತ್ತವೆ. ಒಂದು ನಿಜವಾದ ನಿಯಮ: ಬಣ್ಣ, ಚೌಕಳಿ, ಬ್ಯಾಡ್ಜ್, ಶೂ ಬಣ್ಣ. ಇನ್ನೊಂದು ಸುಮ್ನೆ ರೂಢಿ: "ಇಂಥ ಅಂಗಡಿಯಲ್ಲಿ ಸಿಗುತ್ತದೆ". ಎಷ್ಟೋ ಶಾಲೆಗಳ ಚೀಟಿಯಲ್ಲಿ ಬಟ್ಟೆ ಯಾವ ನೂಲಿನದು ಎಂಬ ಮಾತೇ ಇರುವುದಿಲ್ಲ. ನಮಗೆ ಜಾಗ ಸಿಗುವುದು ಅಲ್ಲಿಯೇ.

ಕಚೇರಿಗೆ ಹೋಗಿ ನೇರವಾಗಿ ಕೇಳಿ. ಅಂಗಿ ಹೊರಗೆ ಹೊಲಿಸಬಹುದಾ? ಬ್ಯಾಡ್ಜ್ ಬೇರೆಯಾಗಿ ಕೊಡುತ್ತೀರಾ? ಅರ್ಧ ತೋಳು ನಡೆಯುತ್ತದಾ? ಟೈ ಇಲ್ಲದೆ ಕೆಲವು ದಿನ ಬರಬಹುದಾ? ನಾಲ್ಕೂ ಪ್ರಶ್ನೆಗೆ "ಇಲ್ಲ" ಎನ್ನುವ ಶಾಲೆ ನನಗಿನ್ನೂ ಸಿಕ್ಕಿಲ್ಲ. ಒಂದಾದರೂ ಬಾಗಿಲು ತೆರೆದಿರುತ್ತದೆ.

ಕಾನೂನಿನ ಮಾತು ಎರಡು ತಿಳಿದಿರಲಿ. 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೇ ನಿಯಮ ಯೂನಿಫಾರ್ಮ್‌ನದು. ಶಾಲೆ ಒಮ್ಮೆ ಯೂನಿಫಾರ್ಮ್ ಗೊತ್ತುಮಾಡಿದರೆ ಐದು ವರ್ಷ ಬದಲಿಸುವಂತಿಲ್ಲ. ಬದಲಿಸಬೇಕೆಂದರೆ ಪೋಷಕರಿಗೆ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. ನಮ್ಮ ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಗಳಿಗೆ ಇದು ಅನ್ವಯಿಸುತ್ತದೆ. ಸಿಬಿಎಸ್‌ಇ ಶಾಲೆಯಾದರೆ, 2017ರ ಏಪ್ರಿಲ್‌ನಲ್ಲಿ ಮಂಡಳಿ ಹೊರಡಿಸಿದ ಸುತ್ತೋಲೆ ಇದೆ: ಪುಸ್ತಕ, ಯೂನಿಫಾರ್ಮ್, ಶೂಗಳನ್ನು ಶಾಲೆಯೊಳಗೇ ಅಥವಾ ಗೊತ್ತಾದ ಒಂದೇ ಅಂಗಡಿಯಲ್ಲೇ ಕೊಳ್ಳಿ ಎಂದು ಒತ್ತಾಯಿಸಬಾರದು ಎಂದು. ಇದನ್ನು ಹಿಡಿದು ಜಗಳಕ್ಕೆ ಹೋಗಿ ಎನ್ನುತ್ತಿಲ್ಲ. ಮಗು ಅಲ್ಲೇ ಓದಬೇಕು ಅಲ್ವಾ. ಗೊತ್ತಿದ್ದು ಕೇಳುವವರ ದನಿ ಮಾತ್ರ ಬೇರೆಯಾಗಿರುತ್ತದೆ.

ಹೆಜ್ಜೆ 2: ಬಟ್ಟೆ ಆರಿಸುವುದು

ದುಡ್ಡು ಕಡಿಮೆ ಇದ್ದರೆ ಎಲ್ಲವನ್ನೂ ಅಂಗಿಗೆ ಹಾಕಿ. ಬೆವರು ಜಾಸ್ತಿ ಬರುವುದು ಎದೆ, ಬೆನ್ನು, ಕಂಕುಳಲ್ಲಿ. ಸ್ಕರ್ಟ್, ಪ್ಯಾಂಟ್ ಸ್ವಲ್ಪ ಪಾಲಿಯೆಸ್ಟರ್ ಇದ್ದರೂ ಮಗು ತಡೆದುಕೊಳ್ಳುತ್ತದೆ. ಚೌಕಳಿ ಬಟ್ಟೆ ಹೇಗೂ ಶಾಲೆಯ ಅಂಗಡಿಯಲ್ಲೇ ಸಿಗುವುದು, ಅದನ್ನು ಅಲ್ಲೇ ತನ್ನಿ. ಬಿಳಿ, ಆಕಾಶನೀಲಿ, ಕೆನೆ ಬಣ್ಣದ ಸಾದಾ ಅಂಗಿಬಟ್ಟೆ ಊರಿನ ಯಾವ ಬಟ್ಟೆ ಅಂಗಡಿಯಲ್ಲೂ ಇರುತ್ತದೆ.

ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ಅದಕ್ಕೆ ಬಟ್ಟೆ ಬೆವರನ್ನು ಹೀರಿ ಗಾಳಿಗೆ ಬಿಡಬೇಕು. ಸಾಮಾನ್ಯ ಗಾಳಿಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ನೂಲು ಶೇ. 11ರಿಂದ 13. ಪಾಲಿಯೆಸ್ಟರ್ ಬರೀ ಶೇ. 0.4. ಹತ್ತಿಗೂ ಪಾಲಿಯೆಸ್ಟರಿಗೂ ಇಪ್ಪತ್ತು ಪಟ್ಟು ವ್ಯತ್ಯಾಸ. ಮಗಳ ಬೆನ್ನಿಗೆ ಅಂಟಿದ್ದು ಈ ಲೆಕ್ಕವೇ.

ಅಂಗಡಿಯವರ ಮಾತಿನಲ್ಲಿ ಒಂದು ಮೋಸದ ಪದ ಇದೆ: ಟೆರಿಕಾಟ್. ಕೇಳಲಿಕ್ಕೆ ಕಾಟನ್ ಹಾಗಿದೆ. ಸಾಮಾನ್ಯವಾಗಿ ಅದರಲ್ಲಿ ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್, ಒಂದು ಪಾಲು ಹತ್ತಿ. "ಕಾಟನ್ ಮಿಕ್ಸ್ ಅದ ರೀ" ಎಂದರೆ "ಎಷ್ಟು ಪರ್ಸೆಂಟ್?" ಎಂದು ಕೇಳಿ. ಥಾನಿನ ಅಂಚನ್ನು ಎಳೆದು ತೋರಿಸಲು ಹೇಳಿ. ಮಿಲ್ ಬಟ್ಟೆಯಾದರೆ ನೂಲಿನ ಪ್ರಮಾಣ ಅಂಚಿನಲ್ಲೇ ಅಚ್ಚಾಗಿರುತ್ತದೆ.

ನಾನು ತರುವುದು ಹೀಗೆ. ಅಂಗಿಗೆ ಪೂರ್ತಿ ಹತ್ತಿಯ ಪಾಪ್ಲಿನ್, ಇಲ್ಲವಾದರೆ ಕನಿಷ್ಠ ಶೇ. 60 ಹತ್ತಿ ಇರುವ ಮಿಶ್ರಣ. ತೂಕ 110ರಿಂದ 130 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಅಷ್ಟು ಗ್ರಾಂ ತೂಗಬೇಕು. ಬಿಳಿ ಬಟ್ಟೆ ಅದಕ್ಕಿಂತ ತೆಳುವಾದರೆ ಒಳಗಿನದೆಲ್ಲ ಕಾಣುತ್ತದೆ, ದೊಡ್ಡ ಹುಡುಗಿಯರು ಹಾಕಲು ಒಪ್ಪುವುದಿಲ್ಲ. ಪ್ಯಾಂಟ್, ಸ್ಕರ್ಟಿಗೆ ಪಾಲಿಯೆಸ್ಟರ್-ವಿಸ್ಕೋಸ್, ಸುಮಾರು 200 ಜಿಎಸ್‌ಎಂ. ಪೂರ್ತಿ ಹತ್ತಿಯ ಪ್ಯಾಂಟ್ ಒಮ್ಮೆ ಹೊಲಿಸಿದ್ದೆ. ಎರಡನೇ ಪೀರಿಯಡ್ ಹೊತ್ತಿಗೆ ಮೊಣಕಾಲಿನ ಹಿಂದೆ ಸುಕ್ಕುಸುಕ್ಕು, ಮೂರು ತಿಂಗಳಿಗೆ ಬಣ್ಣ ಮಾಸಿತು. ಹತ್ತಿ ಎಂದರೆ ಎಲ್ಲದಕ್ಕೂ ಹತ್ತಿ ಅಂತಲ್ಲ.

ಕರಾವಳಿಯವರು ಇದನ್ನು ಹಾಗೆಯೇ ಒಪ್ಪಬೇಡಿ. ನಮ್ಮಲ್ಲಿ ಒಣ ಬಿಸಿಲು, ಹತ್ತಿ ಅಂಗಿ ಹೀರಿದ ಬೆವರು ಕೂಡಲೇ ಆರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಗಾಳಿಯೇ ಒದ್ದೆ. ದಪ್ಪ ಹತ್ತಿ ಅಲ್ಲಿ ಬೆಳಗ್ಗೆ ನೆನೆದದ್ದು ಸಂಜೆಯವರೆಗೂ ಒದ್ದೆಯೇ. ಅಲ್ಲಿಗೆ ತೆಳು, ಸಡಿಲ ನೇಯ್ಗೆಯ, ಅರ್ಧಕ್ಕರ್ಧ ಮಿಶ್ರಣವೇ ಹಿತ. ಮಳೆಗಾಲದಲ್ಲಿ ಒಣಗಿಸುವ ಪಾಡೂ ಇದೆಯಲ್ಲ.

ಗಾಢ ಬಣ್ಣದ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ನೇವಿ ಬ್ಲೂ ಬಟ್ಟೆ ಬಿಸಿಲಲ್ಲಿ ಹೆಚ್ಚು ಕಾಯುತ್ತದೆ ನಿಜ. ಆದರೆ ಮಗು ಹೆಚ್ಚು ಹೊತ್ತು ಇರುವುದು ಕ್ಲಾಸಿನ ನೆರಳಲ್ಲಿ. ಅಲ್ಲಿ ಬಣ್ಣಕ್ಕಿಂತ ನೂಲು, ಸಡಿಲತೆ ಮುಖ್ಯ. ಬಯಲಲ್ಲಿ ಆಡುವ ಪಿಟಿ ದಿನದ ಅಂಗಿಗೆ ಮಾತ್ರ ತಿಳಿ ಬಣ್ಣ ಒಳ್ಳೆಯದು.

ಬಟ್ಟೆ ಪರೀಕ್ಷೆ, ನಮ್ಮ ಟೇಲರ್ ಕಾಕಾ ತೋರಿಸಿದ ಹಾಗೆ

ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ನಮ್ಮ ಕಾಕಾನ ಅಂಗಡಿ. ಒಂದು ಮಷಿನ್, ಒಂದು ಸ್ಟೂಲ್, ಮೇಲೊಂದು ಗರಗರ ಅನ್ನುವ ಫ್ಯಾನ್. ನಾನು "ಪ್ಯೂರ್ ಕಾಟನ್" ಎಂದು ತಂದುಕೊಟ್ಟ ಬಟ್ಟೆಯನ್ನು ಅವರು ಮೊದಲು ಬಾಯಿಗೆ ಒತ್ತಿ ಊದಿದರು. ಆಚೆ ಅಂಗೈ ಹಿಡಿದಿದ್ದರು. "ಗಾಳಿ ಬರವಲ್ದು ತಂಗಿ" ಅಂದರು. ಆಮೇಲೆ ಅಂಚಿನಿಂದ ಎರಡು ಎಳೆ ಎಳೆದು, ಹೊಸೆದು, ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿದರು. ಎಳೆ ಉರಿಯುವ ಮೊದಲು ಮುದುರಿಕೊಂಡಿತು. ಕರೀ ಹೊಗೆ ಬಂತು. ತುದಿಯಲ್ಲಿ ಗುಂಡುಸೂಜಿ ತಲೆಯಷ್ಟು ಕರೀ ಮಣಿ ಉಳಿಯಿತು. ಉಗುರಿನಿಂದ ಒತ್ತಿದರೂ ಪುಡಿಯಾಗಲಿಲ್ಲ. "ಇದು ಪ್ಲಾಸ್ಟಿಕ್ ಅದ. ಕೂಸಿಗಿ ಕವರ್ ಹಾಕಿ ಕಳಸ್ತಿ ಏನು?"

ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳಿಯುತ್ತದೆ. ಮಿಶ್ರಣವಾದರೆ ಕಾಗದದ ವಾಸನೆಯೂ ಬರುತ್ತದೆ, ಮಣಿಯೂ ಉಳಿಯುತ್ತದೆ. ಇದನ್ನು ಮನೆಯಲ್ಲಿ ಮಾಡುವುದಾದರೆ ಎಳೆಯನ್ನು ಮಾತ್ರ ಸುಡಿ, ಬಟ್ಟೆಯ ತುಂಡನ್ನಲ್ಲ. ಸ್ಟೀಲ್ ತಟ್ಟೆಯ ಮೇಲೆ ಹಿಡಿಯಿರಿ. ಕರಗಿದ ಪಾಲಿಯೆಸ್ಟರ್ ಹನಿ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಅಂಗಡಿಯಲ್ಲಿ ಕಡ್ಡಿ ಗೀರಲು ಯಾರೂ ಬಿಡುವುದಿಲ್ಲ. ಅಲ್ಲಿ ಊದಿ ನೋಡುವುದು ಮತ್ತು ಬೆಳಕಿಗೆ ಹಿಡಿಯುವುದು ಸಾಕು. ಹಿಡಿ ಬಟ್ಟೆಯನ್ನು ಮುಷ್ಟಿಯಲ್ಲಿ ಹತ್ತು ಎಣಿಸುವವರೆಗೆ ಹಿಂಡಿ ಬಿಡಿ. ಸುಕ್ಕೇ ಬೀಳದೆ ಸಿಡಿದು ನಿಂತರೆ ಪಾಲಿಯೆಸ್ಟರ್ ಜಾಸ್ತಿ ಎಂದು ತಿಳಿಯಿರಿ. ಬಣ್ಣ ಹೊಂದುತ್ತದೋ ಎಂದು ನೋಡಲು ಹಳೇ ಯೂನಿಫಾರ್ಮ್ ಜೊತೆಗೆ ಒಯ್ಯಿರಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ನೀಲಿಯೂ ಒಂದೇ. ಹೊರಗೆ ಹಗಲಲ್ಲಿ ನಿಂತು ಹೋಲಿಸಿ.

ಹೆಜ್ಜೆ 3: ನೆನೆಸಿ, ಆಮೇಲೆ ಕತ್ತರಿ

ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. 20 ಇಂಚು ಉದ್ದದ ಅಂಗಿಯಲ್ಲಿ ಅದು ಒಂದು ಇಂಚಿನವರೆಗೆ ಹೋಗಬಹುದು. ಆದ್ದರಿಂದ ಬಟ್ಟೆ ತಂದ ರಾತ್ರಿ ಬಕೆಟ್ ನೀರಲ್ಲಿ ನೆನೆಸಿಡಿ. ಬೆಳಗ್ಗೆ ಹಿಂಡದೆ ನೆರಳಿಗೆ ಹಾಕಿ, ಇಸ್ತ್ರಿ ಮಾಡಿ, ಆಮೇಲೆ ಟೇಲರಿಗೆ ಕೊಡಿ. ಅವರು ಮಾಡಿಕೊಳ್ಳುತ್ತಾರೆ ಎಂದು ನಂಬಬೇಡಿ. ಮೇ ಕೊನೆಯಲ್ಲಿ ಅವರಿಗೆ ಊಟಕ್ಕೂ ಪುರಸೊತ್ತು ಇರುವುದಿಲ್ಲ. ಹಾಗಾಗಿ ಮೇ 10ರೊಳಗೆ ಬಟ್ಟೆ ಅವರ ಕೈ ಸೇರಿರಬೇಕು.

ಹೆಜ್ಜೆ 4: ಅಳತೆ ಮತ್ತು ಹೊಲಿಗೆ

ಎಂಥ ಒಳ್ಳೆ ಬಟ್ಟೆಯೂ ಬಿಗಿಯಾದರೆ ವ್ಯರ್ಥ. ಮೈಗೂ ಅಂಗಿಗೂ ನಡುವೆ ಗಾಳಿ ಓಡಾಡಬೇಕು. ಎದೆಯ ಸುತ್ತಳತೆಗೆ ಕನಿಷ್ಠ ನಾಲ್ಕು ಇಂಚು ಕೂಡಿಸಿ. 26 ಇಂಚಿನ ಎದೆಗೆ 30 ಇಂಚಿನ ಅಂಗಿ. ಕಾಲರ್ ಗುಂಡಿ ಹಾಕಿದಾಗ ಒಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು. ತೋಳಿನ ಸುತ್ತು, ಅಂದರೆ ಕಂಕುಳ ಹತ್ತಿರ, ಸ್ವಲ್ಪ ಇಳಿಸಿ ಕತ್ತರಿಸಲು ಹೇಳಿ. ಬೆವರುಸಾಲೆ ಮೊದಲು ಏಳುವುದು ಅಲ್ಲಿ.

"ದೊಡ್ಡದೇ ಹೊಲಿಸೋಣ, ಎರಡು ವರ್ಷ ಬರುತ್ತದೆ" ಎನ್ನುವುದು ನಮ್ಮೆಲ್ಲರ ಚಾಳಿ. ನಮ್ಮ ಕಾಕಾ ಇದಕ್ಕೆ ನಗುತ್ತಾರೆ. "ಕೂಸು ಬೆಳೀತದ, ಬಟ್ಟಿ ಬೆಳಿಯಲ್ಲ. ಆದ್ರ ಬಟ್ಟಿ ಮಡಚಿ ಇಡಬಹುದು" ಅನ್ನುತ್ತಾರೆ. ಐದರಿಂದ ಹತ್ತು ವರ್ಷದ ಮಕ್ಕಳು ವರ್ಷಕ್ಕೆ ಎರಡು, ಎರಡೂವರೆ ಇಂಚು ಎತ್ತರ ಬೆಳೆಯುತ್ತಾರೆ. ಅದರಲ್ಲಿ ಕಾಲಿನ ಪಾಲು ಜಾಸ್ತಿ. ಆದ್ದರಿಂದ ಸ್ಕರ್ಟ್, ಪ್ಯಾಂಟಿನ ಕೆಳಗೆ ಮೂರು ಇಂಚು ಮಡಿಕೆ, ಅಂಗಿಯ ಕೆಳಗೆ ಎರಡು, ಪಕ್ಕದ ಹೊಲಿಗೆಯಲ್ಲಿ ಒಂದೊಂದು ಇಂಚು ಒಳಗೆ ಬಿಡಿಸಿ. ಮುಂದಿನ ಜೂನ್‌ಗೆ ಬಿಚ್ಚಿ ಇಳಿಸಿದರಾಯಿತು. ಹಳೇ ಮಡಿಕೆಯ ಗೆರೆ ಕಾಣುತ್ತದೆ, ಕಾಣಲಿ ಬಿಡಿ. ಯೂನಿಫಾರ್ಮ್ ಇರುವ ಮನೆಯಲ್ಲೆಲ್ಲ ಆ ಗೆರೆ ಇರುತ್ತದೆ.

ಟೇಲರ್ ಹತ್ತಿರ ಬಾಯಿಬಿಟ್ಟು ಹೇಳಲೇಬೇಕಾದ್ದು ಇನ್ನೂ ಕೆಲವಿವೆ. ಕಾಲರ್ ಒಳಗೆ ದಪ್ಪ ಬಕ್ರಂ ಬೇಡ, ತೆಳು ಕ್ಯಾನ್ವಾಸ್ ಸಾಕು. ಪ್ಯಾಂಟ್, ಸ್ಕರ್ಟ್ ಪಟ್ಟಿಯ ಹಿಂಭಾಗಕ್ಕೆ ಮಾತ್ರ ಎಲಾಸ್ಟಿಕ್ ಹಾಕಲಿ. ಸುತ್ತ ಎಲಾಸ್ಟಿಕ್ ಇದ್ದರೆ ಸೊಂಟದ ಸುತ್ತ ಕೆಂಪು ಬರೆ ಬೀಳುತ್ತದೆ. ಟ್ಯೂನಿಕ್‌ಗೆ ಒಳಪದರ ಬೇಡವೇ ಬೇಡ. ಬೇಕೇ ಬೇಕೆಂದರೆ ಮಲ್‌ಮಲ್ ಹಾಕಿಸಿ, ನೈಲಾನಿನ ಹೊಳೆಯುವ ಅಸ್ತರು ಬೇಡ. ಒಳಗಿನ ಹೊಲಿಗೆಗೆಲ್ಲ ಓವರ್‌ಲಾಕ್ ಇರಲಿ, ಬಿಡಿ ಎಳೆಗಳೇ ಅರ್ಧ ತುರಿಕೆಗೆ ಕಾರಣ.

ಸಿದ್ಧ ಉಡುಪೇ ಗತಿ ಎಂದಾದರೆ

ಕೆಲವು ಶಾಲೆಗಳ ಅಂಗಿಯ ಮೇಲೆ ಹೆಸರು ಅಚ್ಚಾಗಿರುತ್ತದೆ, ತೋಳಿಗೆ ಬೇರೆ ಬಣ್ಣದ ಪಟ್ಟಿ ಇರುತ್ತದೆ. ಹೊರಗೆ ಹೊಲಿಸಲಾಗುವುದಿಲ್ಲ. ಆಗ ಒಂದು ಸೈಜ್ ದೊಡ್ಡದು ತಂದು ಉದ್ದ, ಭುಜ ಮಾತ್ರ ಸರಿಮಾಡಿಸಿ. ಕಂಕುಳ ಕೆಳಗೆ ಪಕ್ಕದ ಹೊಲಿಗೆ ಬಿಚ್ಚಿಸಿ ನಾಲ್ಕು ಬೆರಳಗಲದ ಹತ್ತಿ ತುಂಡನ್ನು ಸೇರಿಸಲು ಬರುತ್ತದೆ. ಕೈ ಕೆಳಗಿದ್ದಾಗ ಕಾಣುವುದಿಲ್ಲ. ಚೀಟಿಯನ್ನು ಬುಡದಿಂದ ಕತ್ತರಿಸಿ. ಒಳಗೆ ಹೆಸರಿನ ಕಸೂತಿ ಚುಚ್ಚುತ್ತಿದ್ದರೆ ಅದರ ಹಿಂದೆ ಮೆತ್ತನೆ ಹತ್ತಿ ಬಟ್ಟೆ ಹೊಲಿಯಿರಿ.

ಇನ್ನೊಂದು ದಾರಿ, ಕ್ಲಾಸಿನ ಪೋಷಕರೆಲ್ಲ ಸೇರುವುದು. ಸೊಲ್ಲಾಪುರ ನಮಗೆ ರೈಲಿನಲ್ಲಿ ಎರಡು ಗಂಟೆ ದಾರಿ, ಯೂನಿಫಾರ್ಮ್ ಹೊಲಿಗೆಗೆ ಹೆಸರಾದ ಊರು. ನಲವತ್ತು-ಐವತ್ತು ಅಂಗಿ ಒಟ್ಟಿಗೆ ಬೇಕೆಂದರೆ ಬಟ್ಟೆ ಇಂಥದೇ ಇರಲಿ ಎಂದು ಹೇಳಿ ಹೊಲಿಸಬಹುದು. ಶಾಲೆಯ ಒಪ್ಪಿಗೆ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಐವತ್ತು ಅಂಗಿ ಮುಂದಿಟ್ಟುಕೊಂಡು ಕೂರಬೇಕಾಗುತ್ತದೆ.

ಹೆಜ್ಜೆ 5: ಒಳಗೆ ಏನು

ಹತ್ತಿ ಅಂಗಿ ಇದ್ದರೆ ತೋಳಿಲ್ಲದ ತೆಳು ಬನಿಯನ್ ಸಾಕು. ತೀರಾ ಧಗೆ ಇರುವ ದಿನ ಚಿಕ್ಕ ಹುಡುಗರಿಗೆ ಅದೂ ಬೇಡ. ಪಾಲಿಯೆಸ್ಟರ್ ಅಂಗಿಯಾದರೆ ಮಾತ್ರ ಹತ್ತಿ ಬನಿಯನ್ ಬೇಕೇ ಬೇಕು. ಬೆವರು ಹೀರಲು ಅಲ್ಲಿ ಇರುವುದು ಅದೊಂದೇ. ಬಿಳಿ ಅಂಗಿಯೊಳಗೆ ಬಿಳಿ ಬನಿಯನ್ ಎದ್ದು ಕಾಣುತ್ತದೆ. ಮೈಬಣ್ಣಕ್ಕೆ ಹತ್ತಿರದ ಬಣ್ಣ ಕಾಣುವುದಿಲ್ಲ.

ಸ್ಕರ್ಟ್ ಒಳಗೆ ಹುಡುಗಿಯರಿಗೆ ಲೈಕ್ರಾ ಶಾರ್ಟ್ಸ್ ಹಾಕಿ ಕಳಿಸುತ್ತೇವೆ. ಬಿಗಿ, ಬಿಸಿ, ತೊಡೆ ಸಂದಿಯಲ್ಲಿ ತುರಿಕೆ. ಹೊಸಿಯರಿ ಹತ್ತಿಯ ಸಡಿಲ ಶಾರ್ಟ್ಸ್ ಸಿಗುತ್ತವೆ, ಅದನ್ನೇ ತನ್ನಿ. ಐದು, ಆರನೇ ಕ್ಲಾಸಿನಿಂದ ಮುಟ್ಟಿನ ವಿಚಾರವೂ ಸೇರಿಕೊಳ್ಳುತ್ತದೆ. ಪಿಟಿ ದಿನದ ಬಿಳಿ ಪ್ಯಾಂಟ್ ಹುಡುಗಿಯರಿಗೆ ಭಯದ ಬಟ್ಟೆ. ಬಿಳಿಯ ಬದಲು ನೇವಿ ಬ್ಲೂ ಬಿಡಿ ಎಂದು ಶಾಲೆಗೆ ತಾಯಂದಿರು ನಾಲ್ಕು ಜನ ಹೋಗಿ ಹೇಳಿ. ಅಪ್ಪಂದಿರು ಹೇಳಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 6: ಶೂ, ಕಾಲುಚೀಲ

ಸಂಜೆ ಹೊತ್ತು ಶೂ ಕೊಳ್ಳಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಅದೇ ಸರಿಯಾದ ಅಳತೆ. ಶಾಲೆಯ ಕಾಲುಚೀಲ ಹಾಕಿಕೊಂಡೇ ನೋಡಬೇಕು. ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಅಂಗಡಿಯಲ್ಲಿ ಮಿರಮಿರ ಹೊಳೆಯುವ ಕರೀ ಶೂ ಬಹಳಷ್ಟು ರೆಕ್ಸಿನ್. ಒಳಗೆ ಕೈ ಹಾಕಿ ನೋಡಿ. ಒಳಪದರವೂ ಪ್ಲಾಸ್ಟಿಕ್ ಹಾಗೆ ಜಾರಿದರೆ ಬೇಡ, ಬಟ್ಟೆ ಇದ್ದರೆ ಪರವಾಗಿಲ್ಲ. ಕ್ಯಾನ್ವಾಸ್ ಶೂವಿಗೆ ಶಾಲೆ ಒಪ್ಪಿದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಕಾಲುಚೀಲಕ್ಕೆ ಜಿಪುಣತನ ಮಾಡಬೇಡಿ. ಹತ್ತಿ ಹೆಚ್ಚಿರುವ ಆರು ಜೊತೆ ಇರಲಿ. ದಿನಕ್ಕೊಂದು, ನಿನ್ನೆಯದು ಮತ್ತೆ ಇಲ್ಲ. ಬೆರಳ ಸಂದಿ ಬೆಳ್ಳಗಾಗಿ ತುರಿಸುವುದು, ವಾಸನೆ, ಎಲ್ಲ ಶುರುವಾಗುವುದು ಆರದ ಕಾಲುಚೀಲದಿಂದ. ಮಗ ಮನೆಗೆ ಬಂದ ಕೂಡಲೇ ಶೂವಿನ ನಾಲಿಗೆ ಎತ್ತಿ, ಒಳಗಿನ ಅಡಿಹಾಸು ತೆಗೆದು ಗಾಳಿಗೆ ಇಡುತ್ತಾನೆ. ಇದೊಂದು ಅಭ್ಯಾಸ ಮಾಡಿಸಲು ನನಗೆ ಒಂದು ವರ್ಷ ಹಿಡಿಯಿತು.

ಟೈ ವಿಚಾರಕ್ಕೆ ಬಂದರೆ, ಗಂಟಿನದಕ್ಕಿಂತ ಎಲಾಸ್ಟಿಕ್ ಟೈ ವಾಸಿ, ಮಗು ತಾನೇ ಸಡಿಲ ಮಾಡಿಕೊಳ್ಳುತ್ತದೆ. ಬ್ಲೇಜರ್ ನಮ್ಮೂರಿಗೆ ಬೇಡ. ಡಿಸೆಂಬರ್ ಬೆಳಗಿನ ಚಳಿಗೆ ಸ್ವೆಟರ್ ಸಾಕು.

ಹೆಜ್ಜೆ 7: ಎಷ್ಟು ಜೊತೆ ಬೇಕು

ಅಂಗಡಿಯವರು ಮೂರು ಜೊತೆ ಅನ್ನುತ್ತಾರೆ. ಬಿಸಿಲೂರಿನ ಲೆಕ್ಕ ಬೇರೆ. ಅಂಗಿ ದಿನವೂ ಒಗೆಯಬೇಕು, ಸ್ಕರ್ಟ್, ಪ್ಯಾಂಟ್ ಎರಡು ದಿನ ನಡೆಯುತ್ತದೆ. ಸಂಜೆ ಒಗೆದ ತೆಳು ಅಂಗಿ ನಮ್ಮ ಮಾರ್ಚಿನ ಗಾಳಿಗೆ ರಾತ್ರಿಯೊಳಗೆ ಒಣಗಿರುತ್ತದೆ. ಹಾಗಾಗಿ ಮೂರು ಅಂಗಿ, ಎರಡು ಕೆಳಗಿನದು. ಉಳಿದ ದುಡ್ಡಿಗೆ ಕಾಲುಚೀಲ ತನ್ನಿ. ಜೂನ್‌ನಲ್ಲಿ ಎರಡೇ ಅಂಗಿ ಹೊಲಿಸಿ, ಮೂರನೆಯದನ್ನು ಅಕ್ಟೋಬರ್ ರಜೆಯಲ್ಲಿ ಹೊಲಿಸಿದರೆ ಮಾರ್ಚ್ ಹೊತ್ತಿಗೆ ಅಳತೆಗೆ ಸರಿಯಾದ್ದು ಒಂದಾದರೂ ಇರುತ್ತದೆ. ಬೆಳೆದ ಮಕ್ಕಳಿಗೆ ವರ್ಷದ ಕೊನೆಗೆ ಎಲ್ಲವೂ ಬಿಗಿಯಾಗುವುದು ಸರಿಯಾಗಿ ಬಿಸಿಲು ಏರುವ ಹೊತ್ತಿಗೇ.

ಹೆಜ್ಜೆ 8: ಒಗೆತ

ಹೊಸ ಅಂಗಿಯನ್ನು ಒಗೆಯದೆ ಹಾಕಬೇಡಿ. ಅಂಗಡಿಯ ಪಾಲಿಶ್, ಧೂಳು ಹೋಗಬೇಕು. ಅದು ಹೋದ ಮೇಲೆಯೇ ಬಟ್ಟೆ ಬೆವರು ಹೀರುವುದು.

ಗಂಜಿ ಬೇಡ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ನೋಡಲು ಚೆಂದ, ನಮ್ಮ ಅಪ್ಪಂದಿರ ಕಾಲದ ಶಿಸ್ತು. ಆದರೆ ಗಂಜಿ ಎಳೆಗಳ ನಡುವಿನ ಸಂದಿ ಮುಚ್ಚುತ್ತದೆ. ಹತ್ತಿಗೆ ದುಡ್ಡು ಕೊಟ್ಟು ಅದರ ಗುಣವನ್ನೇ ಕಟ್ಟಿಹಾಕಿದ ಹಾಗೆ. ಮೆತ್ತಗಾಗಲಿ ಎಂದು ಹಾಕುವ ಕಂಡೀಷನರ್ ದ್ರವದ್ದೂ ಇದೇ ಪಾಡು, ಎಳೆಯ ಮೇಲೆ ಪದರ ಕಟ್ಟಿ ಹೀರುವುದನ್ನು ಕಡಿಮೆ ಮಾಡುತ್ತದೆ.

ಬೋರ್‌ವೆಲ್‌ನ ಗಡಸು ನೀರಿದ್ದರೆ ಬಾರ್ ಸೋಪು ನೊರೆ ಬರದೆ ಬಿಳಿ ಜಿಡ್ಡಾಗಿ ಬಟ್ಟೆಯಲ್ಲೇ ಕೂರುತ್ತದೆ. ಬಿಳಿ ಅಂಗಿ ಬೂದುಬೂದಾಗುವುದು ಅದಕ್ಕೇ. ಡಿಟರ್ಜೆಂಟ್ ಪುಡಿ ಬಳಸಿ, ಒಂದು ಸಲ ಜಾಸ್ತಿ ಜಾಲಿಸಿ. ಕಂಕುಳ, ಕಾಲರಿನ ಹಳದಿ ಕಲೆಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಬ್ಲೀಚ್ ಸುರಿಯಬೇಡಿ, ಬೆವರಿನ ಕಲೆಗೆ ತಾಗಿದರೆ ಹಳದಿ ಇನ್ನೂ ಏರುತ್ತದೆ. ಒಣಗಿಸುವಾಗ ಒಳಮೈ ಹೊರಗೆ ಮಾಡಿ ನೆರಳಿಗೆ ಹಾಕಿ. ನಮ್ಮ ಬಿಸಿಲಿಗೆ ನೇವಿ ಬ್ಲೂ ಒಂದೇ ವರ್ಷದಲ್ಲಿ ನೇರಳೆಯಾಗುತ್ತದೆ.

ಶಾಲೆಯಲ್ಲಿ ಮಗುವಿಗೆ ಬಿಸಿಲು ತಟ್ಟಿದರೆ

ಇದನ್ನು ಮಕ್ಕಳಿಗೇ ಹೇಳಿಕೊಡಿ. ತಲೆ ಸುತ್ತಿದರೆ, ವಾಂತಿ ಬಂದಂತಾದರೆ, ತಲೆನೋವು ಶುರುವಾದರೆ ಟೀಚರ್‌ಗೆ ಹೇಳಬೇಕು. ಟೈ ತೆಗೆಯಬೇಕು, ಮೇಲಿನ ಗುಂಡಿ ಬಿಚ್ಚಬೇಕು, ಶೂ-ಕಾಲುಚೀಲ ಕಳಚಿ ನೆರಳಲ್ಲಿ ಕೂರಬೇಕು, ನೀರು ಅಥವಾ ಓಆರ್‌ಎಸ್ ಕುಡಿಯಬೇಕು. ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಬೇಕು. ಮೈ ಕೆಂಡದಂತೆ ಸುಡುತ್ತಿದ್ದು ಮಗು ತೊದಲುತ್ತಿದ್ದರೆ, ಮಂಕಾದರೆ ತಡಮಾಡದೆ 108ಕ್ಕೆ ಕರೆ. ಆಗ ಬಾಯಿಗೆ ನೀರು ಸುರಿಯಬಾರದು, ಮೈ ಮಾತ್ರ ತಣ್ಣಗೆ ಮಾಡುತ್ತಿರಬೇಕು. "ಯೂನಿಫಾರ್ಮ್ ಬಿಚ್ಚಿದರೆ ಬೈತಾರೆ" ಎಂಬ ಹೆದರಿಕೆ ಮಕ್ಕಳಲ್ಲಿ ನಾವಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ. ಮಗಳನ್ನು ಕೇಳಿದಾಗ ಹಾಗೇ ಅಂದಿದ್ದಳು.

ಹೆಜ್ಜೆ 9: ಶಾಲೆಗೆ ಪತ್ರ

ಒಬ್ಬರೇ ಹೋದರೆ ದೂರು, ಹತ್ತು ಸಹಿ ಇದ್ದರೆ ಮನವಿ. ಫೆಬ್ರವರಿಯಲ್ಲೇ ಕೊಡಿ. ಮೇ ತಿಂಗಳಲ್ಲಿ ಕೊಟ್ಟರೆ ಬಟ್ಟೆ ಆರ್ಡರ್ ಆಗಿಹೋಗಿರುತ್ತದೆ. ಒಂದೇ ಪುಟ ಇರಲಿ, ಕೇಳುವುದು ಮೂರೇ ಇರಲಿ. ನಾವು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ಮಾನ್ಯರೆ, ಬೇಸಿಗೆಯಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. 2024ರ ಬೇಸಿಗೆಯಲ್ಲಿ ವಕೀಲರಿಗೂ ಕರೀ ಕೋಟಿನಿಂದ ವಿನಾಯಿತಿ ಸಿಕ್ಕಿತ್ತು. ಮಕ್ಕಳಿಗೂ ಮಾರ್ಚ್, ಏಪ್ರಿಲ್, ಜೂನ್ ತಿಂಗಳಲ್ಲಿ ಟೈ ಬೇಡವೆಂದು, ವಾರದಲ್ಲಿ ಎರಡು ದಿನ ಕ್ಯಾನ್ವಾಸ್ ಶೂ ಹಾಕಬಹುದೆಂದು ಅನುಮತಿ ಕೊಡಿ. ಮುಂದಿನ ವರ್ಷದಿಂದ ಅಂಗಿಯ ಬಟ್ಟೆಯಲ್ಲಿ ಕನಿಷ್ಠ ಶೇ. 60 ಹತ್ತಿ ಇರುವಂತೆ ನೋಡಿಕೊಳ್ಳಬೇಕಾಗಿ ಕೋರುತ್ತೇವೆ. ಬಣ್ಣ, ವಿನ್ಯಾಸ ಬದಲಿಸಿ ಎಂದು ನಾವು ಕೇಳುತ್ತಿಲ್ಲ."

ಕೊನೆಯ ಸಾಲು ಮರೆಯಬೇಡಿ. ಶಾಲೆಯವರಿಗೆ ಭಯ ಇರುವುದು ಯೂನಿಫಾರ್ಮೇ ಹೋಗಿಬಿಡುತ್ತದೆ ಎಂದು. ಪತ್ರದ ಜೊತೆಗೆ ನಾನು ಎರಡು ಬಟ್ಟೆ ತುಂಡುಗಳನ್ನು ಪಿನ್ ಮಾಡಿದ್ದೆ, ಒಂದು ಅವರದು, ಒಂದು ಕಾಕಾ ಆರಿಸಿದ್ದು. ಮುಖ್ಯಶಿಕ್ಷಕಿಯವರು ಎರಡನ್ನೂ ಬೆರಳಲ್ಲಿ ಉಜ್ಜಿ ನೋಡಿದರು, ಏನೂ ಅನ್ನಲಿಲ್ಲ. ಅವರು ಉಟ್ಟಿದ್ದು ಇಳಕಲ್ ಹತ್ತಿ ಸೀರೆ.

ಹದಿನೈದು ದಿನಕ್ಕೆ ಡೈರಿಯಲ್ಲಿ ಬರೆದು ಕಳಿಸಿದರು: ಟೈ ಸೋಮವಾರ ಮಾತ್ರ, ಬುಧವಾರ ಮತ್ತು ಶನಿವಾರ ಕ್ಯಾನ್ವಾಸ್ ಶೂ. ಬಟ್ಟೆ ವಿಚಾರ ಆಡಳಿತ ಮಂಡಳಿಯ ಮುಂದಿದೆಯಂತೆ. ಅಲ್ಲಿಯವರೆಗೆ ಮಗಳು ಕಾಕಾ ಹೊಲಿದ ಅಂಗಿಯನ್ನೇ ಹಾಕಿಕೊಂಡು ಹೋಗುತ್ತಿದ್ದಾಳೆ. ಬಣ್ಣ ಅದೇ, ಬ್ಯಾಡ್ಜ್ ಅದೇ. ಯಾರೂ ಕೇಳಿಲ್ಲ.